ಹಿಂಸೆಯ ನಂತರದ ಬದುಕು: ಬೆಂಗಳೂರಿನ ಅಂಚಿನಿಂದ ಕೆಲವು ಮಾತು



ದತ್ತಿ ಉಪನ್ಯಾಸವೆಂದರೆ ನಮ್ಮಲ್ಲಿ ಕುಮಾರವ್ಯಾಸನೋ ವಚನಕಾರರೋ ವಿಷಯವಾಗುವುದು ವಾಡಿಕೆ. ಈ ವರ್ಷ ಸಂಘಟಕರು ಧೈರ್ಯ ಮಾಡಿ ಬೇರೆ ವಿಷಯ ಒಪ್ಪಿಸಿದ್ದಾರೆ. ದೌರ್ಜನ್ಯದಿಂದ ಪಾರಾಗಿ ಬಂದವರು ಹೇಗೆ ಚೇತರಿಸಿಕೊಳ್ಳುತ್ತಾರೆ, ಅವರಲ್ಲಿ ಭರವಸೆ ಎಲ್ಲಿಂದ ಹುಟ್ಟುತ್ತದೆ ಎಂಬುದು ಆ ವಿಷಯ. ಸಮಾಜಕಾರ್ಯದ ಪಾಠ ಹೇಳುತ್ತ, ಆಪ್ತಸಮಾಲೋಚನೆ ಮಾಡುತ್ತ ಕಾಲ ಕಳೆದವಳಾದ್ದರಿಂದ ಬೇಡವೆನ್ನಲಾಗಲಿಲ್ಲ.

ನನ್ನ ಮಾತಿನ ಎಲ್ಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂಸೆ ಹೇಗೆ ನಡೆಯಿತು ಎಂಬ ವಿವರಗಳಿಗೆ ನಾನು ಹೋಗುವುದಿಲ್ಲ. ಆ ಕೆಲಸವನ್ನು ಟಿ.ವಿ. ಚಾನೆಲ್‌ಗಳು ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಮಾಡುತ್ತಿವೆ. ನಾನು ಮಾತಾಡುವುದು ಆಮೇಲಿನ ಕಾಲದ ಬಗ್ಗೆ. ಪೊಲೀಸರು ಹೋದ ಮೇಲೆ, ನೆಂಟರು ಬಂದು ಬುದ್ಧಿ ಹೇಳಿ ಹೋದ ಮೇಲೆ, ಒಬ್ಬಳೇ ಕುಳಿತು ನಾಳೆ ಬೆಳಿಗ್ಗೆಯ ಬಗ್ಗೆ ಯೋಚಿಸಬೇಕಾದ ಕಾಲ ಅದು. ಹೆಸರು ಹೇಳದೆ ಕೊಡುವ ಉದಾಹರಣೆಗಳಲ್ಲಿ ಹಲವರ ಅನುಭವ ಬೆರೆತಿದೆ. ಯಾರೂ ಯಾರನ್ನೂ ಗುರುತಿಸಲು ಹೋಗಬೇಡಿ.

ನನ್ನ ತಿಳಿವಳಿಕೆ ಇಷ್ಟು. ಪೆಟ್ಟು, ಬೈಗುಳ, ಅವಮಾನ ಇವೆಲ್ಲದರ ಕೆಳಗೆ ಹಿಂಸೆ ಮಾಡುವ ಒಂದು ಕೆಲಸವಿದೆ: ತನ್ನ ಬದುಕಿನ ಬಗ್ಗೆ ತಾನೇ ತೀರ್ಮಾನಿಸುವ ಅಧಿಕಾರವನ್ನು ಅದು ಕಸಿದುಕೊಳ್ಳುತ್ತದೆ. ಏನು ಉಡಬೇಕು, ಯಾರೊಡನೆ ಮಾತಾಡಬೇಕು, ಎಷ್ಟು ಹೊತ್ತಿಗೆ ಮಲಗಬೇಕು ಎಲ್ಲವೂ ಬೇರೆಯವರ ಮರ್ಜಿಗೆ ಬೀಳುತ್ತವೆ. ಆ ತೀರ್ಮಾನಗಳು ಒಂದೊಂದಾಗಿ ಅವಳ ಕೈಗೆ ವಾಪಸು ಬರುವುದನ್ನೇ ನಾನು ಚೇತರಿಕೆ ಎನ್ನುತ್ತೇನೆ. ಇದನ್ನು ಮನೆ, ದುಡ್ಡು, ಮಾತು, ಜೊತೆ ಎಂಬ ನಾಲ್ಕು ಕಡೆಯಿಂದ ನೋಡೋಣ. ನಾಲ್ಕಕ್ಕೂ ಸಮಪಾಲು ಸಮಯ ಕೊಡಲಾರೆ. ದುಡ್ಡು ಮತ್ತು ಮಾತಿನ ಬಗ್ಗೆ ನನಗೆ ಹೇಳುವುದು ಹೆಚ್ಚಿದೆ.

ಹಿನ್ನೆಲೆಗೆ ಒಂದೆರಡು ಅಂಕಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 20.6 ಇತ್ತು. ದೇಶದ ಬೇರೆ ಯಾವ ರಾಜ್ಯದಲ್ಲೂ ಇಷ್ಟು ಪ್ರಮಾಣ ಕಂಡುಬರಲಿಲ್ಲ. ಹಿಂಸೆಯೇ ಇಮ್ಮಡಿಯಾಯಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂಬ ಚರ್ಚೆ ಇದೆ. ಎರಡೂ ಇರಬಹುದು ಎಂದು ನನ್ನ ಅನಿಸಿಕೆ. ಗಂಡುಮಕ್ಕಳನ್ನೂ ಮರೆಯಬಾರದು. ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರಿದ್ದರು. ಪೀಣ್ಯದ ವರ್ಕ್‌ಶಾಪುಗಳಲ್ಲಿ ಲೇತ್ ಮುಂದೆ ನಿಂತಿರುವ ಎಷ್ಟು ಗಂಡಸರು ಅಂಥ ಬಾಲ್ಯವನ್ನು ಯಾರಿಗೂ ಹೇಳದೆ ಹೊತ್ತುಕೊಂಡಿದ್ದಾರೋ, ಲೆಕ್ಕ ಇಟ್ಟವರಿಲ್ಲ.

ಈಗ ಊರಿನ ವಿಚಾರ. 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡ್, 1970ರ ದಶಕದಲ್ಲಿ ಬೆಳೆದ ಕೈಗಾರಿಕಾ ಪ್ರದೇಶ ಪೀಣ್ಯ, ಅದೇ ದಶಕದ ಕೊನೆಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ ಕಟ್ಟಲು ಹೊರಟ ಎಲೆಕ್ಟ್ರಾನಿಕ್ ಸಿಟಿ, ಮೂರೂ ಹೊರಗಿನಿಂದ ಬಂದವರು ನೆಲೆ ಹುಡುಕಿದ ಜಾಗಗಳು. ಮಂಡ್ಯ, ರಾಯಚೂರು, ಒಡಿಶಾ, ಬಿಹಾರದಿಂದ ಬಂದ ಹೆಣ್ಣುಮಕ್ಕಳಿಗೆ ಇಲ್ಲಿ ಅಜ್ಜಿ ಇಲ್ಲ, ಸೋದರಮಾವ ಇಲ್ಲ, ಕಟ್ಟೆಯ ಮೇಲಿನ ಹಿರಿಯರಿಲ್ಲ. ಹೊಡೆತ ಬಿದ್ದರೆ ಓಡಿ ಹೋಗಲು ಪಕ್ಕದ ಬೀದಿಯ ತವರಿಲ್ಲ. ಇದು ಕಷ್ಟ. ಆದರೆ ಇದರೊಳಗೇ ಒಂದು ಅನುಕೂಲವೂ ಇದೆ, ಅದನ್ನು ನಾವು ಗಮನಿಸುವುದು ಕಡಿಮೆ. ಹೊಂದಿಕೊಂಡು ಹೋಗಮ್ಮ ಎಂದು ಕಾಲು ಹಿಡಿದು ಕೂರಿಸುವವರೂ ಇಲ್ಲಿ ಕಡಿಮೆ. ಊರಲ್ಲಿ ಗಂಡನನ್ನು ಬಿಟ್ಟವಳು ಎಂದೇ ಗುರುತಾಗುವ ಹೆಂಗಸು ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಬರೀ ಟೈಲರ್ ಆಗಿರಬಹುದು.

ಮೊದಲನೆಯದಾಗಿ ಮನೆ. ಲಗ್ಗೆರೆಯ ವಠಾರವೊಂದರಲ್ಲಿ ಇದ್ದ ಒಬ್ಬಾಕೆ, ಗಂಡನಿಂದ ಬೇರೆಯಾದ ಮೇಲೆ ತಾನು ಕೊಂಡ ಮೊದಲ ವಸ್ತು ಯಾವುದೆಂದು ಕೇಳಿದಾಗ, ಒಳಗಿನಿಂದ ಹಾಕುವ ಎರಡನೇ ಚಿಲಕ ಎಂದಳು. ಚಿಲಕ ಬಿದ್ದ ಮೇಲೆ ಹಲವು ತಿಂಗಳು ನಿದ್ದೆಯೇ ಅವಳ ಔಷಧಿಯಾಗಿತ್ತು. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರ ತಮ್ಮ ಪುಸ್ತಕದಲ್ಲಿ ಚೇತರಿಕೆಗೆ ಮೂರು ಹಂತಗಳನ್ನು ಗುರುತಿಸಿದರು: ಸುರಕ್ಷತೆ, ನೆನಪಿಸಿಕೊಂಡು ದುಃಖಿಸುವುದು, ಮತ್ತೆ ಜನರೊಡನೆ ಬೆರೆಯುವುದು. ಈ ಹಂತಗಳು ಒಂದಾದ ಮೇಲೊಂದು ಶಿಸ್ತಾಗಿ ಬರುವುದಿಲ್ಲ. ಮೂರನೆಯದಕ್ಕೆ ಹೋದವರು ಮೊದಲನೆಯದಕ್ಕೆ ಮರಳುವುದುಂಟು. ಆದರೂ ಸುರಕ್ಷತೆಯನ್ನು ಮೊದಲಿಗೆ ಇಟ್ಟದ್ದು ಸರಿ. ಹೊಡೆಯುವವನು ಅದೇ ಛಾವಣಿಯ ಕೆಳಗೆ ಇರುವಾಗ ಧ್ಯಾನ, ಧನಾತ್ಮಕ ಚಿಂತನೆ ಎಂದೆಲ್ಲ ಹೇಳುವುದು ನನಗೆ ಕ್ರೌರ್ಯವಾಗಿ ಕಾಣುತ್ತದೆ.

ಕಾನೂನು ಇಲ್ಲಿ ಅಷ್ಟು ಕೆಟ್ಟದಾಗಿಲ್ಲ. 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಂ, ಹೆಣ್ಣಿಗೆ ಸಂಸಾರದ ಮನೆಯಲ್ಲೇ ಉಳಿಯುವ ಹಕ್ಕು ಕೊಟ್ಟಿದೆ, ಮನೆ ಯಾರ ಹೆಸರಲ್ಲೇ ಇರಲಿ. ಅತ್ತೆ ಮಾವಂದಿರ ಮನೆಗೂ ಈ ಹಕ್ಕು ಅನ್ವಯಿಸಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಸಿ.ಡಿ.ಪಿ.ಓ. ಅಂಗನವಾಡಿ ಮೊಟ್ಟೆಯ ಲೆಕ್ಕ ನೋಡುವವರೇ ಇದನ್ನೂ ನೋಡಬೇಕು. ಹಾಗಾಗಿ ಅವರು ನಮ್ಮ ನೆರವಿಗಿದ್ದಾರೆಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ. ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಕೋರ್ಟಿನ ಕಾರಿಡಾರಿನಲ್ಲಿ ಕಾದವರು ಈ ಮಾತಿಗೆ ನಗುತ್ತಾರೆ. 2015ರಿಂದ ಇರುವ ಸಖಿ ಕೇಂದ್ರಗಳು ವೈದ್ಯರು, ಪೊಲೀಸರು, ವಕೀಲರು, ಸಮಾಲೋಚಕರನ್ನು ಒಂದೇ ಸೂರಿನಡಿ ಒದಗಿಸುತ್ತವೆ. ಅಲ್ಲಿ ತಂಗಲು ಐದು ದಿನದ ಅವಕಾಶ. ಆಮೇಲೆ ಶಕ್ತಿ ಸದನ ಎಂಬ ಸರ್ಕಾರಿ ಆಶ್ರಯಧಾಮ, ಇಲ್ಲವೇ ಬಾಡಿಗೆ ಮನೆ. ಬೆಂಗಳೂರಿನ ಬಾಡಿಗೆ ಎಂದರೆ ಅಡ್ವಾನ್ಸ್, ಅದರ ಜೊತೆಗೆ ಓನರ್ ಕೇಳುವ ಮೊದಲ ಪ್ರಶ್ನೆ: “ಯಜಮಾನ್ರು ಏನು ಮಾಡ್ತಾರೆ?”

ಇಲ್ಲಿಂದ ಎರಡನೇ ವಿಷಯಕ್ಕೆ, ಅಂದರೆ ದುಡ್ಡಿಗೆ ಬರುತ್ತೇನೆ. ಮನಸ್ಸಿನ ಗಾಯದ ಬಗ್ಗೆ ಮಾತಾಡುವಾಗ ದುಡ್ಡಿನ ಮಾತು ತೆಗೆದರೆ ಕೆಲವರಿಗೆ ಮುಜುಗರ. ನನ್ನ ಅನುಭವದಲ್ಲಿ ಚೇತರಿಕೆಗೆ ಅದರಷ್ಟು ಹತ್ತಿರದ ವಿಷಯ ಇನ್ನೊಂದಿಲ್ಲ.

2016ರ ಏಪ್ರಿಲ್ 18 ಮತ್ತು 19 ನಿಮಗೆ ನೆನಪಿರಬೇಕು. ಆ ವರ್ಷ ಕೇಂದ್ರ ಸರ್ಕಾರ ಭವಿಷ್ಯನಿಧಿಯ, ಅಂದರೆ ಪಿ.ಎಫ್.ನ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯಬಾರದು ಎಂದಿತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ದೊಡ್ಡ ನಾಯಕರೂ ಕರೆಯದೆ ಹೊಸೂರು ರಸ್ತೆಗೆ ಇಳಿದರು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್ ಕಡೆ ತುಮಕೂರು ರಸ್ತೆಯೂ ನಿಂತಿತು. ಲಾಠಿ, ಅಶ್ರುವಾಯು, ಬೆಂಕಿ ಎಲ್ಲ ಆಯಿತು. ಎರಡನೇ ದಿನ ಸಂಜೆಯ ಹೊತ್ತಿಗೆ ಸರ್ಕಾರ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಪತ್ರಿಕೆಗಳು ಇದನ್ನು ಕಾರ್ಮಿಕ ಹೋರಾಟವೆಂದು ಬರೆದವು, ಅದು ನಿಜವೇ. ಆದರೆ ಆ ಹಣ ಯಾತಕ್ಕೆ ಎಂದು ವಠಾರಗಳಲ್ಲಿ ಕೇಳಿದರೆ ಮಗಳ ಮದುವೆ, ಮಗನ ಕಾಲೇಜು, ಊರಿನ ಸಾಲ ಎಂಬ ಉತ್ತರಗಳ ನಡುವೆ, ದನಿ ತಗ್ಗಿಸಿ ಹೇಳುವ ಇನ್ನೊಂದು ಉತ್ತರವೂ ಸಿಗುತ್ತದೆ. ಗಂಡನ ಕೈಗೆ ಸಿಗದ ದುಡ್ಡು ಅದೊಂದೇ. ಸಂಬಳ ಬಂದ ದಿನವೇ ಕುಡಿತಕ್ಕೋ ಸಾಲಗಾರನಿಗೋ ಹೋಗುತ್ತದೆ. ಚೀಟಿಯ ಹಣವನ್ನು ಮನೆಯವರು ಕೂಗಿಸಿಕೊಳ್ಳುತ್ತಾರೆ. ಒಡವೆ ಗಿರವಿ ಅಂಗಡಿಯಲ್ಲಿರುತ್ತದೆ. ಪಿ.ಎಫ್. ಮಾತ್ರ ಕೆಲಸ ಬಿಟ್ಟಾಗ ಅವಳ ಹೆಸರಿಗೇ ಬರುವ ಇಡುಗಂಟು. ಹೊಸ ಮನೆಯ ಅಡ್ವಾನ್ಸ್ ಕಟ್ಟುವ ಶಕ್ತಿ ಅದಕ್ಕಿತ್ತು. ಅದನ್ನು 58ನೇ ವಯಸ್ಸಿಗೆ ಮುಂದೂಡಿದರೆ, 30ನೇ ವಯಸ್ಸಿನಲ್ಲಿ ಪೆಟ್ಟು ತಿನ್ನುತ್ತಿರುವವಳಿಗೆ ಹೊರಬರುವ ಬಾಗಿಲೊಂದು ಮುಚ್ಚಿದಂತೆಯೇ. ಆ ಎರಡು ದಿನ ರಸ್ತೆಯಲ್ಲಿದ್ದವರಲ್ಲಿ ಇದನ್ನು ಲೆಕ್ಕ ಹಾಕಿಯೇ ಬಂದವರಿದ್ದರು ಎಂದು ನಾನು ನಂಬುತ್ತೇನೆ.

ಇದು ಬಡವರ ಪಾಡು ಮಾತ್ರ ಎಂದುಕೊಳ್ಳಬೇಡಿ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿರುವ ಇಂಜಿನಿಯರ್ ಒಬ್ಬಳ ಸಂಬಳದ ಖಾತೆಗೆ ಜೋಡಿಸಿದ ಮೊಬೈಲ್ ನಂಬರು ಗಂಡನದು. ಓ.ಟಿ.ಪಿ. ಹೋಗುವುದು ಅವನಿಗೆ. ಗೃಹಸಾಲದ ಕಂತು ಅವಳ ಸಂಬಳದಿಂದ, ಮನೆ ಅವನ ಹೆಸರಲ್ಲಿ. ತಿಂಗಳಿಗೆ ಲಕ್ಷಗಟ್ಟಲೆ ಗಳಿಸುವವಳು ಆಟೋಗೆ ಕೊಡಲು ಗೆಳತಿಯ ಹತ್ತಿರ ಕೈಚಾಚಿದ್ದನ್ನು ನೋಡಿದ್ದೇನೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 3ನೇ ಕಲಂ ಇದನ್ನು ಆರ್ಥಿಕ ದೌರ್ಜನ್ಯವೆಂದೇ ಕರೆದಿದೆ. ಅವಳ ಚೇತರಿಕೆ ಶುರುವಾದದ್ದು ಬ್ಯಾಂಕಿಗೆ ಹೋಗಿ ನಂಬರು ಬದಲಿಸಿದ ದಿನ.

ಸರ್ಕಾರದ ಯೋಜನೆಗಳ ಬಗ್ಗೆ ವಾದ ವಿವಾದ ನಡೆಯಲಿ. ಆದರೆ 2023ರ ಜೂನ್ 11ರಂದು ಶುರುವಾದ, ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ, ಗಂಡನನ್ನು ಬಸ್ ಚಾರ್ಜು ಕೇಳದೆ ಹೆಣ್ಣುಮಕ್ಕಳು ಮನೆಯಿಂದ ಹೊರಡುವುದನ್ನು ಸಾಧ್ಯಮಾಡಿತು. ಕೋರ್ಟಿಗೆ, ಆಸ್ಪತ್ರೆಗೆ, ತವರಿಗೆ, ಸುಮ್ಮನೆ ದೇವಸ್ಥಾನಕ್ಕೆ. ಆ ಸುಮ್ಮನೆ ಹೊರಡುವುದಕ್ಕೆ ಎಷ್ಟು ಬೆಲೆ ಇದೆಯೆಂಬುದು, ಪ್ರತಿ ಸಲವೂ ಎಲ್ಲಿಗೆ, ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಬದುಕಿದವರಿಗೆ ಮಾತ್ರ ಗೊತ್ತು.

ಮೂರನೆಯದು ಮಾತು. ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ದೇಶದಾದ್ಯಂತ ಶೇ. 77ರಷ್ಟು ಮಂದಿ ನೆರವು ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಹೇಳದಿರುವುದಕ್ಕೆ ನಾಚಿಕೆ, ಭಯ ಎಂದು ಕಾರಣ ಕೊಡುತ್ತೇವೆ. ನಾನು ಇನ್ನೊಂದು ಸೇರಿಸುತ್ತೇನೆ: ಕೇಳುವವರ ಅವಸರ. ಅರ್ಧ ಹೇಳುವಷ್ಟರಲ್ಲಿ ನಾವು ಪರಿಹಾರ ಸೂಚಿಸಿರುತ್ತೇವೆ. ತಾಯಿ ಹೊಂದಿಕೊ ಎನ್ನುತ್ತಾಳೆ, ಓದಿದ ಗೆಳತಿ ಬಿಟ್ಟು ಬಾ ಎನ್ನುತ್ತಾಳೆ. ಇಬ್ಬರ ಮಾತೂ ಅವಳ ತೀರ್ಮಾನವನ್ನು ಮತ್ತೊಮ್ಮೆ ಅವಳಿಂದ ತೆಗೆದುಕೊಳ್ಳುತ್ತದೆ. ಅಕ್ಕರೆಯಿಂದ ತೆಗೆದುಕೊಂಡರೂ ತೆಗೆದುಕೊಂಡಂತೆಯೇ.

ಈ ನಗರದಲ್ಲಿ ಕೇಳಿಸಿಕೊಳ್ಳುವುದಕ್ಕೆ ಒಂದು ಚರಿತ್ರೆಯಿದೆ. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಸ್ಟೌ ಸಿಡಿಯಿತು ಎಂಬ ಹೇಳಿಕೆಯೊಂದಿಗೆ ಸಾಯುತ್ತಿದ್ದ ಹೆಣ್ಣುಮಕ್ಕಳ ಪಕ್ಕ ಕುಳಿತು, 1990ರ ದಶಕದಲ್ಲಿ ನಿಜ ಕೇಳಿಸಿಕೊಂಡವರು ವಿಮೋಚನಾ ಸಂಘಟನೆಯ ಕಾರ್ಯಕರ್ತೆಯರು. ಅವರಲ್ಲಿ ಹೆಚ್ಚಿನವರು ಮನೋವೈದ್ಯರಾಗಿರಲಿಲ್ಲ. ಬನ್ನೇರುಘಟ್ಟ ರಸ್ತೆಯಾಚೆಯ ಸಕಲವಾರ ಎಂಬ ಹಳ್ಳಿಯಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1970ರ ದಶಕದಲ್ಲಿ ತೆರೆದ ಗ್ರಾಮೀಣ ಕೇಂದ್ರವೂ ಇಂಥದ್ದೇ ಪಾಠ ಕಲಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಮನಸ್ಸಿನ ಕಾಯಿಲೆಯ ಪ್ರಾಥಮಿಕ ಆರೈಕೆ ಹಳ್ಳಿಯಲ್ಲೇ ಆಗುತ್ತದೆ ಎಂಬುದು ಅಲ್ಲಿ ತಿಳಿಯಿತು. 2022ರಲ್ಲಿ ಸಖಿ ಕೇಂದ್ರದ ಸಿಬ್ಬಂದಿಗೆ ನಿಮ್ಹಾನ್ಸ್ ಆರಂಭಿಸಿದ ಸ್ತ್ರೀ ಮನೋರಕ್ಷಾ ತರಬೇತಿಯನ್ನು ಇದೇ ದಾರಿಯ ಮುಂದುವರಿಕೆಯಾಗಿ ನೋಡುತ್ತೇನೆ. ಅದೇ ವರ್ಷ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಅಂದರೆ 14416, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಸಿಗುತ್ತದೆ. ಅದರ ಮಾರ್ಗದರ್ಶನ ನಿಮ್ಹಾನ್ಸಿನದು, ತಾಂತ್ರಿಕ ನೆರವು ಎಲೆಕ್ಟ್ರಾನಿಕ್ ಸಿಟಿಯ ಐ.ಐ.ಐ.ಟಿ.ಯದು. ರಾತ್ರಿ ಪಾಳಿಯ ಊರಿಗೆ ರಾತ್ರಿಯೂ ಎತ್ತುವ ಫೋನು ಬೇಕಿತ್ತು.

ಇಲ್ಲಿ ಸ್ವಲ್ಪ ನಿಂತು, ಹಿರಿಯರಿಗೆಲ್ಲ ಗೊತ್ತಿರುವ ಕಾದಂಬರಿಯೊಂದನ್ನು ನೆನೆಯುತ್ತೇನೆ. ತ್ರಿವೇಣಿಯವರ ‘ಶರಪಂಜರ’. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ಕಾವೇರಿಯ ಹುಚ್ಚಿನ ದೃಶ್ಯಗಳೇ ಜನರ ನೆನಪಿನಲ್ಲಿ ಉಳಿದಿವೆ. ನನಗೆ ಮುಖ್ಯವಾಗಿ ಕಾಣುವುದು ಅವಳು ವಾಸಿಯಾಗಿ ಮನೆಗೆ ಬಂದ ಮೇಲಿನ ಭಾಗ. ಆಸ್ಪತ್ರೆ ಅವಳನ್ನು ಗುಣಪಡಿಸಿತ್ತು. ಮನೆಯವರ ಕಣ್ಣಿಗೆ ಅವಳು ಹುಚ್ಚಿಯಾಗಿಯೇ ಉಳಿದಳು. ಅವಳ ಪ್ರತಿ ಮಾತನ್ನೂ ಪ್ರತಿ ಸಿಟ್ಟನ್ನೂ ಹಳೆಯ ಕಾಯಿಲೆಯ ಲೆಕ್ಕಕ್ಕೇ ಬರೆದರು. ಹಾಗೆ ಅವಳು ಮತ್ತೆ ಕುಸಿಯುತ್ತಾಳೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲೇ ತೀರಿಕೊಂಡರು. ಹರ್ಮನ್ನರ ಪುಸ್ತಕಕ್ಕಿಂತ ಎಷ್ಟೋ ಮೊದಲೇ ಮೈಸೂರಿನ ಈ ಲೇಖಕಿ, ಒಬ್ಬಳ ಚೇತರಿಕೆ ಸುತ್ತಲಿನವರ ನಡತೆಯನ್ನು ಎಷ್ಟು ನೆಚ್ಚಿಕೊಂಡಿದೆ ಎಂದು ತೋರಿಸಿದ್ದರು. ದೌರ್ಜನ್ಯದಿಂದ ಪಾರಾದವರ ವಿಷಯದಲ್ಲಿ ನಾವು ಇಂದಿಗೂ ಮಾಡುತ್ತಿರುವುದು ಇದನ್ನೇ. ಮೀಟಿಂಗಿನಲ್ಲಿ ಅವಳು ದನಿ ಎತ್ತಿದರೆ, ಪಾಪ ಅವಳಿಗೆ ಹಾಗಾಗಿತ್ತಲ್ಲ, ಅದಕ್ಕೆ ಎನ್ನುತ್ತೇವೆ. ಅವಳು ಹೇಳಿದ ವಿಷಯ ಸರಿಯಿತ್ತೇ ಎಂದು ನೋಡುವುದಿಲ್ಲ.

ಕ್ಷಮೆಯ ಬಗ್ಗೆಯೂ ಒಂದು ಮಾತು. ಕ್ಷಮಿಸಿದರೆ ಮನಸ್ಸು ಹಗುರವಾಗುತ್ತದೆ ಎಂದು ಪ್ರವಚನಗಳಲ್ಲಿ ಕೇಳುತ್ತೇವೆ. ಕೆಲವರಿಗೆ ಹಾಗೆ ಆಗಿಯೂ ಇದೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ಇನ್ನೊಬ್ಬರ ಮೇಲೆ ಕರ್ತವ್ಯವಾಗಿ ಹೇರುವುದನ್ನು ಒಪ್ಪಲಾರೆ. ಹಸೀನಾ ಹುಸೇನ್ ಅವರನ್ನು ನೋಡಿ. 1999ರಲ್ಲಿ ಇದೇ ಬೆಂಗಳೂರಿನಲ್ಲಿ, ಅವರು ಬಿಟ್ಟುಬಂದಿದ್ದ ಕೆಲಸದ ಮಾಲೀಕನೇ ಅವರ ಮೇಲೆ ಆಸಿಡ್ ಸುರಿದ. ಕಣ್ಣು ಹೋಯಿತು, ಶಸ್ತ್ರಚಿಕಿತ್ಸೆಗಳಿಗೆ ಕೊನೆಯಿರಲಿಲ್ಲ. ಕೆಳ ನ್ಯಾಯಾಲಯದ ಶಿಕ್ಷೆ ಹಗುರವಾಗಿತ್ತು. 2006ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಜೀವಾವಧಿಗೆ ಏರಿಸಿತು. ಹಸೀನಾ ಸಾರ್ವಜನಿಕವಾಗಿ ಮಾತಾಡಿದರು, ಆಸಿಡ್ ದಾಳಿಯ ವಿರುದ್ಧದ ಚಳವಳಿಯಲ್ಲಿ ಬೇರೆ ಹೆಣ್ಣುಮಕ್ಕಳ ಜೊತೆ ನಿಂತರು. 2013ರಲ್ಲಿ ಆಸಿಡ್ ದಾಳಿಗೆಂದೇ ಪ್ರತ್ಯೇಕ ಕಲಂ ಬಂದದ್ದು, ಅದೇ ವರ್ಷ ಸುಪ್ರೀಂ ಕೋರ್ಟ್ ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದದ್ದು ಇಂಥ ಹಲವರ ದನಿಯ ಫಲ. ನ್ಯಾಯ ಕೇಳುವ ಸಿಟ್ಟೂ ಭರವಸೆಯ ಒಂದು ರೂಪ ಎಂದು ನನಗೆ ತೋರುತ್ತದೆ. ಏನೂ ಬದಲಾಗದು ಎಂದುಕೊಂಡವರಿಗೆ ಸಿಟ್ಟು ಬರುವುದಿಲ್ಲ.

ಮಕ್ಕಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. 2014ರ ಜುಲೈನಲ್ಲಿ ಮಾರತಹಳ್ಳಿಯ ಶಾಲೆಯೊಂದರಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ನಂತರ ಸಾವಿರಾರು ಪೋಷಕರು ಬೀದಿಗಿಳಿದರು. ಶಾಲೆಗಳಿಗೆ ಕ್ಯಾಮೆರಾ, ಪರಿಶೀಲನೆ, ನಿಯಮ ಎಲ್ಲ ಬಂದವು. ಒಳ್ಳೆಯದೇ. ಆದರೆ ನೊಂದ ಮಗುವಿಗೆ ಆಮೇಲಿನ ವರ್ಷಗಳಲ್ಲಿ ಬೇಕಾಗುವುದು, ತನಿಖೆಯಿಂದ ತೀರ್ಪಿನ ತನಕ ಜೊತೆಯಲ್ಲಿರುವ ಒಬ್ಬ ಮನುಷ್ಯ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯ ನಿಯಮಗಳಲ್ಲಿ ಅಂಥ ಬೆಂಬಲ ವ್ಯಕ್ತಿಗೆ ಅವಕಾಶವಿದೆ. 2001ರಲ್ಲಿ ಇಬ್ಬರು ವೈದ್ಯೆಯರು ಬೆಂಗಳೂರಿನಲ್ಲಿ ಕಟ್ಟಿದ ಎನ್‌ಫೋಲ್ಡ್ ಸಂಸ್ಥೆಯವರು ಈ ಕೆಲಸ ಮಾಡುತ್ತ ಬಂದಿದ್ದಾರೆ. ಮಗು ಮತ್ತೆ ಆಟಕ್ಕೆ ಹೋಯಿತೇ, ಅಮ್ಮ ಅದನ್ನು ಕಳಿಸುವ ಧೈರ್ಯ ಮಾಡಿದಳೇ, ಇಂಥವುಗಳ ಮೇಲೆ ಅವರ ಕಣ್ಣಿರುತ್ತದೆ.

ಕೊನೆಯ ವಿಷಯ, ಜೊತೆ. ಗಾರ್ಮೆಂಟ್ಸ್ ಫ್ಲೋರಿನಲ್ಲಿ ಟಾರ್ಗೆಟ್ ಮುಗಿಯದಿದ್ದಾಗ ಸೂಪರ್‌ವೈಸರ್ ಬೈಯುವ ಮಾತುಗಳನ್ನು ಈ ವೇದಿಕೆಯಲ್ಲಿ ಉಚ್ಚರಿಸಲಾಗದು. ಮನೆಯಲ್ಲಿ ಕೂಗಾಟ ಕೇಳಿ ಬಂದವಳಿಗೆ ಇಲ್ಲಿಯೂ ಅದೇ ದನಿ ಕೇಳಿದರೆ ಕೈ ನಡುಗುತ್ತದೆ, ಹೊಲಿಗೆ ತಪ್ಪುತ್ತದೆ, ಮತ್ತೆ ಬೈಗುಳ. ಈ ಸುತ್ತನ್ನು ಒಬ್ಬಳೇ ಮುರಿಯಲಾರಳು. ಮುನ್ನಡೆ, ಗಾರ್ಮೆಂಟ್ ಲೇಬರ್ ಯೂನಿಯನ್ ಮುಂತಾದ ಸಂಘಟನೆಗಳ ಭಾನುವಾರದ ಸಭೆಗಳಲ್ಲಿ ಸಂಬಳದ ಮಾತಿನ ನಡುವೆ ಮನೆಯ ಮಾತೂ ಬರುತ್ತದೆ. ಯಾರೂ ಅದಕ್ಕೆ ಚಿಕಿತ್ಸೆ ಎಂದು ಹೆಸರಿಟ್ಟಿಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು. ಟೆಕ್ ಪಾರ್ಕುಗಳಲ್ಲಿ ಅದು ಪೋಸ್ಟರಾಗಿಯಾದರೂ ಇದೆ, ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಅದೂ ಅಪರೂಪ. ಮನೆಗೆಲಸದವರ ದೂರಿಗೆ ಮೇಲ್ನೋಟಕ್ಕೆ ಆಧಾರ ಕಂಡರೆ ಜಿಲ್ಲೆಯ ಸ್ಥಳೀಯ ಸಮಿತಿ ಅದನ್ನು ಏಳು ದಿನದಲ್ಲಿ ಪೊಲೀಸರಿಗೆ ಕಳಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳ ಲಿಫ್ಟಿನಲ್ಲಿ ಈ ಸಾಲನ್ನು ಕನ್ನಡ, ಹಿಂದಿ, ಬಂಗಾಳಿಯಲ್ಲಿ ಅಂಟಿಸಲು ನಿವಾಸಿಗಳ ಸಂಘಗಳಿಗೆ ಏನು ಅಡ್ಡಿಯೋ ನನಗೆ ತಿಳಿಯದು.

ಕೊನೆಗೆ, ಇಲ್ಲಿರುವ ಉದ್ಯಮಿಗಳಿಗೆ ಒಂದು ಕೋರಿಕೆ. ಕೋರ್ಟಿಗೆ ಹೋಗುವ ಪ್ರತಿ ದಿನವೂ ಹೊಲಿಗೆಯವಳಿಗೆ ಕೂಲಿ ಖೋತಾ, ಅಟೆಂಡೆನ್ಸ್ ಬೋನಸ್ಸೂ ಖೋತಾ. ಕೇಸು ಹಿಂದೆಗೆದುಕೊಳ್ಳುವವರಲ್ಲಿ ರಾಜಿಗೆ ಒಪ್ಪಿದವರಿಗಿಂತ ರಜೆ ಮುಗಿದವರೇ ಹೆಚ್ಚು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಫಿಲಿಪ್ಪೀನ್ಸ್ 2004ರಲ್ಲೇ ಹಿಂಸೆಗೊಳಗಾದ ಮಹಿಳೆಯರಿಗೆ 10 ದಿನದ ಸಂಬಳಸಹಿತ ರಜೆ ಕೊಟ್ಟಿತು. ನ್ಯೂಜಿಲೆಂಡಿನಲ್ಲಿ 2019ರಿಂದ ಅಷ್ಟೇ ರಜೆ ಇದೆ, ಆಸ್ಟ್ರೇಲಿಯಾದಲ್ಲಿ 2023ರಿಂದ. ನಮ್ಮ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೊಂದು ದಿನದ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿದೆ. ಅಂದರೆ ಹೆಣ್ಣುಮಕ್ಕಳ ಬದುಕಿನ ಅಗತ್ಯ ನೋಡಿ ರಜೆ ರೂಪಿಸುವುದು ಇಲ್ಲಿ ಅಸಾಧ್ಯವೇನಲ್ಲ. ಕಾನೂನು ಬರುವ ತನಕ ಕಾಯಬೇಕೆಂದೂ ಇಲ್ಲ. ಒಂದು ಕಾರ್ಖಾನೆ ತನ್ನ ನಿಯಮಗಳಲ್ಲಿ ಹಿಂಸೆಗೊಳಗಾದವರ ಸಂಬಳಸಹಿತ ರಜೆಯನ್ನು ತಾನಾಗಿ ಸೇರಿಸಿಕೊಳ್ಳಬಹುದು. ಕಾರಣ ಬರೆಯುವ ಕಾಲಂನಲ್ಲಿ ಅವಳು ಏನನ್ನೂ ಬರೆಯಬೇಕಾಗಿಲ್ಲ, ಎಚ್.ಆರ್. ಕಚೇರಿಯ ಒಬ್ಬರಿಗೆ ಗೊತ್ತಿದ್ದರೆ ಸಾಕು. ಪೀಣ್ಯದ ಯಾವ ಕಾರ್ಖಾನೆ ಇದನ್ನು ಮೊದಲು ಮಾಡುತ್ತದೆ? ಸಭೆ ಮುಗಿದ ಮೇಲೆ ಈ ಬಗ್ಗೆ ಮಾತಾಡಲು ಇಷ್ಟವಿರುವ ಮಾಲೀಕರಿಗಾಗಿ ನಾನು ಇಲ್ಲೇ ಇರುತ್ತೇನೆ. ಸಮಿತಿ, ಸಹಾಯವಾಣಿಗಳ ಬಗ್ಗೆ ಕೇಳುವುದಿರುವ, ಶಿಫ್ಟ್ ಮುಗಿಸಿ ನೇರವಾಗಿ ಇಲ್ಲಿಗೆ ಬಂದ ಅಕ್ಕತಂಗಿಯರು ಮೊದಲು ಬರಲಿ, ಅವರು ಬಸ್ಸು ಹಿಡಿಯಬೇಕಿದೆ.